ಒರೆಸುವ ಮೊದಲು ನೋಡಿದವರು

ಒಂದರ ಮೇಲೊಂದು ಜಾರುವ ಎರಡು ವಸ್ತುಗಳ ನಡುವೆ, ಬರಿಗಣ್ಣಿಗೆ ಎಟುಕದಷ್ಟು ಕಿರಿದಾದ ಜಾಗದಲ್ಲಿ, ನಿಜವಾಗಿ ಏನು ನಡೆಯುತ್ತದೆ ಎಂಬ ಪ್ರಶ್ನೆಗೆ ತಮ್ಮ ಇಡೀ ಸೇವಾವಧಿಯನ್ನು ಮುಡಿಪಾಗಿಟ್ಟವರು ನಮ್ಮಲ್ಲಿ ಬಹಳ ಮಂದಿಯಿಲ್ಲ. ಎಂಜಿನುಗಳನ್ನು ಕಟ್ಟಿದವರಿಗೆ ಹೆಸರಿದೆ, ಸೇತುವೆಗಳನ್ನು ಕಟ್ಟಿದವರಿಗೆ ಕಲ್ಲಿನ ಫಲಕವಿದೆ. ಕಟ್ಟಿದ್ದೆಲ್ಲ ದಿನದಿನವೂ ಹೇಗೆ ಸವೆಯುತ್ತದೆ ಎಂದು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕುಳಿತವರಿಗೆ ನಿವೃತ್ತಿಯ ದಿನ ಒಂದು ಹೂಗುಚ್ಛ, ಇಂಥದೊಂದು ಪುಸ್ತಕ. ಘರ್ಷಣೆ ಮತ್ತು ಸವೆತದ ಅಧ್ಯಯನವನ್ನು ಈ ಸಂಸ್ಥೆಯಲ್ಲಿ ಮೊದಲಿಗೆ ನೆಲೆಗೊಳಿಸಿದ, ನನ್ನಂಥ ಎಷ್ಟೋ ಮಂದಿಗೆ ನೋಡುವುದನ್ನು ಕಲಿಸಿದ ಮೇಡಂ ಅವರ ಅಭಿನಂದನ ಸಂಪುಟಕ್ಕೆ ಬರೆಯುವ ಭಾಗ್ಯ ನನ್ನದಾಗಿದೆ. ಭಾಗ್ಯವೆಂದೇ ಬರೆಯುತ್ತಿದ್ದೇನೆ, ಆದರೆ ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ.

ಹಲ್ಲು ಕಚ್ಚಲು ಕಾರಣವಿದೆ. ಈ ಸಂಪುಟದ ಉಳಿದ ಲೇಖನಗಳೆಲ್ಲವನ್ನೂ ನಾನು ಓದಿದ್ದೇನೆ. ಒಬ್ಬರು ಮೇಡಂ ಅವರ ಸರಳತೆಯನ್ನು ಕೊಂಡಾಡಿದ್ದಾರೆ, ಇನ್ನೊಬ್ಬರು ತಾಯಿಹೃದಯವನ್ನು, ಮತ್ತೊಬ್ಬರು ಸಮಯಪಾಲನೆಯನ್ನು. ಅವರು ಸೂಕ್ಷ್ಮದರ್ಶಕದಲ್ಲಿ ಏನು ಕಂಡರು, ಕಂಡದ್ದನ್ನು ಹೇಳಿದಾಗ ನಾವು ಅವರಿಗೆ ಏನು ಮಾಡಿದೆವು ಎಂಬ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ. ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆಯುವುದು ಎಂದರೆ ಇದೇ. ಇನ್ನು ಸಮಾರಂಭದ ಆಹ್ವಾನಪತ್ರಿಕೆಯನ್ನಂತೂ ಕೇಳಲೇಬೇಡಿ. ಅದರಲ್ಲಿ ದಪ್ಪಕ್ಷರದಲ್ಲಿ 'ಘರ್ಷಣೆಯಿಲ್ಲದ ಸಾರ್ಥಕ ಸೇವೆ' ಎಂದು ಅಚ್ಚಾಗಿದೆ. ಅದನ್ನು ಮೇಡಂ ಅವರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ನಕ್ಕರು.

"ಘರ್ಷಣೆ ಇಲ್ದಿದ್ರೆ ಈ ಕುರ್ಚಿ ಮೇಲೆ ಕೂತಿರೋಕೂ ಆಗ್ತಿರ್ಲಿಲ್ಲ ಕಣಮ್ಮ, ಜಾರಿ ಗೋಡೆಗೆ ಹೋಗಿ ಬಡೀತಿದ್ದೆ. ಇಷ್ಟು ವರ್ಷ ಪಾಠ ಹೇಳಿದ್ದು ನೀರಲ್ಲಿ ಹೋಮ ಆಯ್ತು ಬಿಡು" ಎಂದರು.

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಸಂಪಾದಕ ಸಮಿತಿಯು ಲೇಖಕರಿಗೆ ಕೊಟ್ಟ ಸೂಚನೆಯಲ್ಲಿ, ಬರಹವು ಹಿತವಾಗಿರಬೇಕು, ಯಾರ ಮನಸ್ಸಿಗೂ ನೋವಾಗಬಾರದು ಎಂದಿತ್ತು. ಸಮಿತಿಯಲ್ಲಿ ನಾನೂ ಇದ್ದೇನೆ. ಅಚ್ಚಿಗೆ ಹೋಗುವ, ನನ್ನ ಬಳಿಕ ಬೇರಾರೂ ನೋಡದ ಕೊನೆಯ ಕರಡನ್ನು ತಿದ್ದುವ, ಯಾರಿಗೂ ಬೇಡವಾದ ಕೆಲಸ ನನ್ನ ಪಾಲಿಗೆ ಬಂದಿದೆ. ಬೇಡವಾದ ಕೆಲಸಕ್ಕೂ ಒಂದೊಂದು ಸಲ ಬೆಲೆ ಬರುತ್ತದೆ ಎನ್ನುವುದನ್ನು ಮಿತ್ರರು ಈ ಪುಟಗಳಲ್ಲಿ ಕಾಣಬಹುದು.

ಮೊದಲಿನಿಂದ ಹೇಳುತ್ತೇನೆ. ನಾವು ಕೆಲವರು ವಿದ್ಯಾರ್ಥಿಗಳಾಗಿ ಅವರ ಪ್ರಯೋಗಾಲಯಕ್ಕೆ ಬಂದ ದಿನ ಮೇಡಂ ಒಬ್ಬೊಬ್ಬರ ಕೈಗೂ ಒಂದೊಂದು ಉಕ್ಕಿನ ಬಿಲ್ಲೆ ಕೊಟ್ಟರು. ತಿರುಗುವ ಬಿಲ್ಲೆಯ ಮೇಲೆ ಒಂದು ಲೋಹದ ಕಡ್ಡಿಯನ್ನು ಒತ್ತಿ ಹಿಡಿದು ಉಜ್ಜಿ, ಅದರ ಮೇಲೆ ಉಂಗುರದಂಥ ಒಂದು ಗೆರೆ ಮೂಡಿಸಿದ್ದರು. "ನೋಡಿ, ಕಂಡದ್ದನ್ನ ಬರೀರಿ" ಎಂದಷ್ಟೇ ಹೇಳಿದರು. ನನ್ನ ಪಕ್ಕದ ಹುಡುಗ ಬಹಳ ಅಚ್ಚುಕಟ್ಟಿನವನು. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೈ ತೊಳೆಯುತ್ತಿದ್ದುದರಿಂದ ಅವನನ್ನು ಮೊದಲ ವಾರದಲ್ಲೇ ನಾವು 'ಸೋಪು' ಎಂದು ಕರೆಯತೊಡಗಿದ್ದೆವು. ಅವನು ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಬಿಲ್ಲೆಯನ್ನು ಫಳಫಳ ಒರೆಸಿ, ಆಮೇಲೆ ಸೂಕ್ಷ್ಮದರ್ಶಕದಡಿ ಇಟ್ಟ.

"ಏನಪ್ಪ ಮಾಡ್ದೆ?" ಎಂದರು ಮೇಡಂ.

"ಮೇಲೆಲ್ಲ ಕಪ್ಪು ಧೂಳಿತ್ತು ಮೇಡಂ. ಕ್ಲೀನ್ ಮಾಡ್ದೆ."

"ಅದು ಧೂಳಲ್ಲಪ್ಪ, ಅದೇ ಉತ್ತರ. ಪ್ರಶ್ನೆಪತ್ರಿಕೆ ಜೋಪಾನವಾಗಿ ಇಟ್ಕೊಂಡು ಉತ್ತರಪತ್ರಿಕೆ ತೊಳೆದುಬಿಟ್ಟೆಯಲ್ಲ!"

ಆ ದಿನ ನಾವು ಕಲಿತದ್ದು ಇಷ್ಟು. ಕನ್ನಡಿಯಂತೆ ಹೊಳೆಯುವ ಉಕ್ಕು ಸೂಕ್ಷ್ಮದರ್ಶಕದಡಿಯಲ್ಲಿ ತುರಿಯುವ ಮಣೆಯಂತೆ ಕಾಣುತ್ತದೆ. ಎರಡು ಮೇಲ್ಮೈಗಳು ಪೂರ್ತಿಯಾಗಿ ಒಂದನ್ನೊಂದು ಮುಟ್ಟುವುದೇ ಇಲ್ಲ. ಅಲ್ಲೊಂದು ಇಲ್ಲೊಂದು ಮೊನೆ ಮಾತ್ರ ತಾಗುತ್ತದೆ. ತಾಗಿದ ಮೊನೆಗಳು ಒಂದಕ್ಕೊಂದು ಅಂಟುತ್ತವೆ, ಕಿತ್ತುಬರುತ್ತವೆ, ಪುಡಿಯಾಗುತ್ತವೆ. ಆ ಪುಡಿ ನಡುವೆಯೇ ಸಿಕ್ಕಿಕೊಂಡು ಕೆಲವೊಮ್ಮೆ ಮರಳಿನಂತೆ ಕೆರೆಯುತ್ತದೆ, ಕೆಲವೊಮ್ಮೆ ತೆಳ್ಳಗೆ ಹರಡಿ, ಬಿಸಿಗೆ ಬೆಂದು, ಗಾಜಿನಂಥ ನುಣುಪಾದ ಪದರವಾಗಿ ಕೂರುತ್ತದೆ. ಹಿಡಿತ ಉಳಿಯುವುದೂ ತಪ್ಪುವುದೂ ಆ ಪುಡಿಯಿಂದಲೇ. ಸವೆದದ್ದೆಷ್ಟು ಎಂದು ತೂಗಿ ನೋಡಬೇಕಾದರೆ ಪುಡಿಯನ್ನು ಒರೆಸಲೇಬೇಕು, ನಿಜ. ಆದರೆ ಒರೆಸುವ ಮೊದಲು ನೋಡಬೇಕು. ಅದಕ್ಕಾಗಿ ಮೇಡಂ ಒಂದು ಪದ್ಧತಿ ಮಾಡಿದ್ದರು. ಯಾವುದೇ ಮಾದರಿ ಮೇಜಿಗೆ ಬಂದ ಕೂಡಲೇ ಪಾರದರ್ಶಕ ಟೇಪಿನ ಒಂದು ತುಂಡನ್ನು ಅದರ ಮೇಲೆ ಒತ್ತಿ, ಮೆಲ್ಲಗೆ ಎತ್ತಿ, ಗಾಜಿನ ಸ್ಲೈಡಿಗೆ ಅಂಟಿಸುವುದು. ಮೇಲಿದ್ದ ಪುಡಿಯೆಲ್ಲ ಇದ್ದ ಜಾಗದಲ್ಲಿ ಇದ್ದಂತೆಯೇ ಟೇಪಿಗೆ ಬರುತ್ತದೆ. "ಮೊದಲು ಟೇಪು, ಆಮೇಲೆ ಕಣ್ಣು, ಕೊನೆಗೆ ಬಾಯಿ" ಎನ್ನುವುದು ಅವರ ಸೂತ್ರ. ಅವರ ಕೈಚೀಲದಲ್ಲಿ ಮನೆಯ ಬೀಗದ ಕೈ ಇಲ್ಲದ ದಿನವಿದ್ದೀತು, ಟೇಪಿನ ಸುರುಳಿ ಇಲ್ಲದ ದಿನವಿಲ್ಲ. ನಾವು ಬೆನ್ನ ಹಿಂದೆ ಅವರನ್ನು 'ಒರೆಸಬೇಡಮ್ಮ' ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಇಷ್ಟವೂ ಆಗಿತ್ತು.

ಅವರಿಂದ ನಾನು ಪಡೆದ ಉಪಕಾರಗಳನ್ನು ಪಟ್ಟಿ ಮಾಡಲು ಹೋದರೆ ಈ ಪುಸ್ತಕ ಸಾಲದು. ನನ್ನ ಮಗು ಅಂಬೆಗಾಲಿಡುವ ಹೊತ್ತಿಗೆ ನನ್ನ ಪ್ರಬಂಧದ ಕೊನೆಯ ಪ್ರಯೋಗಗಳು ನಡೆಯುತ್ತಿದ್ದವು, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಮಗುವನ್ನು ಎತ್ತಿಕೊಂಡೇ ಪ್ರಯೋಗಾಲಯಕ್ಕೆ ಬಾ ಎಂದವರು ಮೇಡಂ. ಯಂತ್ರಗಳಿಂದ ದೂರ, ತಮ್ಮ ಕೋಣೆಯ ನೆಲದಲ್ಲಿ ಒಂದು ಜಮಖಾನ ಹಾಸಿ, ನಾನು ಅಳತೆ ಮುಗಿಸುವವರೆಗೂ ಮಗುವಿನ ಹಿಂದೆ ತಾವೂ ಮೊಣಕಾಲೂರಿ ಓಡಾಡುತ್ತಿದ್ದರು. ಸಂಜೆ ಮಗುವಿನ ಪೈಜಾಮದ ಮೊಣಕಾಲನ್ನು ಬೆಳಕಿಗೆ ಹಿಡಿದು, "ಬಲಗಾಲೇ ಜಾಸ್ತಿ ಸವೆದಿದೆ ನೋಡು. ಇವನು ಬಲಕ್ಕೆ ವಾಲ್ಕೊಂಡು ತಿರುಗ್ತಾನೆ. ನಿನ್ನ ಪ್ರಬಂಧಕ್ಕಿಂತ ಇದೇ ಸೊಗಸಾಗಿದೆ" ಎಂದು ಗೇಲಿ ಮಾಡುತ್ತಿದ್ದರು. ನನ್ನ ಅಳತೆಗಳು ದೊಡ್ಡವರ ಸಿದ್ಧಾಂತಕ್ಕೆ ಹೊಂದದಿದ್ದಾಗ, ಹೊಂದದ ಅಂಕಿಗಳನ್ನು ಬಿಟ್ಟುಬಿಡು ಎಂದು ನನಗೆ ಬುದ್ಧಿ ಹೇಳಿದವರು ಹಲವರು. ಅಂಥ ಅಂಕಿಗಳನ್ನೇ ಮೊದಲ ಪುಟದಲ್ಲಿಡು ಎಂದವರು ಅವರೊಬ್ಬರೇ. ಪರೀಕ್ಷಕರು ನನ್ನನ್ನು ಜಾಲಾಡಿದಾಗ ಪಕ್ಕದ ಕುರ್ಚಿಯಲ್ಲಿ ನನ್ನ ಬೆಂಬಲಕ್ಕೆ ಬಂಡೆಯಂತೆ ಕೂತಿದ್ದರು.

ಈಗ ಸೋಪಿನ ವಿಷಯಕ್ಕೆ ಬರಬೇಕು. ಓದು ಮುಗಿದ ಮೇಲೆ ನಾವಿಬ್ಬರೂ ಇದೇ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆವು. ಅವನಿಗೆ ಸೂಕ್ಷ್ಮದರ್ಶಕಕ್ಕಿಂತ ಸಭೆಗಳು ಹೆಚ್ಚು ಒಗ್ಗಿದವು. ಯಾರಿಗೂ ಎದುರಾಡದೆ, ಯಾವುದಕ್ಕೂ ಅಂಟಿಕೊಳ್ಳದೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ನಡೆದು, ಪರೀಕ್ಷಾ ವಿಭಾಗದ ಮುಖ್ಯಸ್ಥನಾದ. ತನಗೆ ಕಲಿಸಿದವರ ಮೇಲಧಿಕಾರಿಯಾದ. ಮೇಡಂ ಬೇಸರಪಡಲಿಲ್ಲ, ಅವರಿಗೆ ಕುರ್ಚಿಯ ಆಸೆ ಎಂದೂ ಇರಲಿಲ್ಲ. ನನಗೆ ಬೇಸರವಾಗಿತ್ತು, ಈಗಲೂ ಇದೆ.

ಅವನು ಮುಖ್ಯಸ್ಥನಾದ ಮೊದಲ ವರ್ಷವೇ ಒಂದು ಕಂಪನಿ ಲಿಫ್ಟುಗಳ ಬ್ರೇಕಿಗೆ ಹಾಕುವ ಹೊಸ ಬಗೆಯ ಲೈನರನ್ನು, ಅಂದರೆ ಹಿಡಿಪಟ್ಟಿಯನ್ನು, ಪರೀಕ್ಷೆಗೆ ಕಳಿಸಿತು. ಲಿಫ್ಟಿನ ಮೋಟಾರಿನ ಜೊತೆ ಒಂದು ಉಕ್ಕಿನ ಡ್ರಮ್ ತಿರುಗುತ್ತಿರುತ್ತದೆ. ಲಿಫ್ಟು ನಿಂತಾಗ ಎರಡು ಲೈನರುಗಳು ಆ ಡ್ರಮ್ಮನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ. ಬಾಗಿಲು ತೆರೆದು ನಾವು ಒಳಗೆ ಹೊರಗೆ ಕಾಲಿಡುವಾಗ ಲಿಫ್ಟು ಅಲುಗದೆ ನಿಂತಿರುವುದು ಆ ಹಿಡಿತದ ಬಲದಿಂದ. ಪರೀಕ್ಷೆಯ ಸುತ್ತು ಮುಗಿದಾಗಲೆಲ್ಲ ಡ್ರಮ್ಮನ್ನು ಸ್ಪಿರಿಟಿನಿಂದ ಒರೆಸಿ ಮುಂದಿನ ಸುತ್ತು ಶುರು ಮಾಡುತ್ತಿದ್ದರು. ಲೈನರು ಪ್ರತಿ ಸುತ್ತಿನಲ್ಲೂ ಪಾಸಾಯಿತು. ಮೇಡಂ ಅದನ್ನೇ ಒರೆಸದೆ ಓಡಿಸಿದರು. ಕೆಲವೇ ಸುತ್ತುಗಳಲ್ಲಿ ಲೈನರಿನ ಪುಡಿ ಬಿಸಿಗೆ ಬೆಂದು ಡ್ರಮ್ಮಿನ ಮೇಲೆ ಕಂದು ಬಣ್ಣದ ನುಣುಪು ಪದರವಾಗಿ ಕೂತಿತು. ಹಿಡಿತ ಅರ್ಧಕ್ಕಿಂತ ಕೆಳಗಿಳಿಯಿತು. ಟೇಪಿನಲ್ಲಿ ಎತ್ತಿದ ಆ ಪದರವನ್ನು ನಾನೇ ನೋಡಿದ್ದೇನೆ. ಮೀನಿನ ಹುರುಪೆಯಂತೆ ಚೂರುಚೂರಾಗಿ ಹೊಳೆಯುತ್ತಿತ್ತು.

ಸಭೆಯಲ್ಲಿ ಸೋಪು, "ವಿಧಾನದಲ್ಲಿ ಒರೆಸ್ಬೇಕು ಅಂತಿದೆ ಮೇಡಂ. ನಾವು ವಿಧಾನ ಬಿಟ್ಟು ಹೋಗೋಕಾಗಲ್ಲ" ಎಂದ.

"ತೂಕ ಹಾಕೋಕೆ ಒರೆಸ್ಬೇಕು ಅಂತಿದೆ ಕಣಪ್ಪ, ಹಿಡಿತ ಅಳೆಯೋಕಲ್ಲ. ಓಡ್ತಿರೋ ಲಿಫ್ಟಿನ ಡ್ರಮ್ಮನ್ನ ಹೋಗಿ ಹೋಗಿ ಒರೆಸಿ ಬರೋರು ಯಾರು? ನೀನು ಹೋಗ್ತೀಯಾ?"

ಎಲ್ಲರೂ ನಕ್ಕರು. ನಕ್ಕು ಚಹಾ ಕುಡಿದು ಎದ್ದುಹೋದರು. ಲೈನರು ಪಾಸಾಯಿತೆಂಬ ವರದಿಗೆ ಮೇಡಂ ಸಹಿ ಹಾಕಲಿಲ್ಲ. ಅವರ ಜಾಗದಲ್ಲಿ ಸೋಪು ಸಹಿ ಹಾಕಿದ. ಲೈನರು ಊರಿನ ಲಿಫ್ಟುಗಳಿಗೆಲ್ಲ ಹೋಯಿತು. ನಮ್ಮ ಸಂಸ್ಥೆಯ ಲಿಫ್ಟಿಗೂ ಅದೇ ಬಂತು. ಅಂದಿನಿಂದ ಮೇಡಂ ಲಿಫ್ಟು ಹತ್ತಿಲ್ಲ. ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕದ ಗೋಡೆಗೆ 'ದಯವಿಟ್ಟು ಮೆಟ್ಟಿಲು ಬಳಸಿ' ಎಂದು ತಾವೇ ಬರೆದು ಅಂಟಿಸಿದರು. ಅದನ್ನು ಎಲ್ಲರೂ ಆರೋಗ್ಯದ ಸಲಹೆ ಎಂದುಕೊಂಡರು. ಈ ಸಂಪುಟದಲ್ಲೇ ಒಬ್ಬ ಮಹನೀಯರು, 'ಈ ವಯಸ್ಸಿನಲ್ಲೂ ಐದು ಮಹಡಿ ಹತ್ತುವ ಮೇಡಂ ಅವರ ದೇಹದಾರ್ಢ್ಯ' ಎಂದು ಒಂದಿಡೀ ಪ್ಯಾರಾ ಬರೆದಿದ್ದಾರೆ. ಅದನ್ನು ತಿದ್ದುವಾಗ ನನ್ನ ಪೆನ್ನಿನ ಮೊನೆ ಕಾಗದವನ್ನು ಹರಿಯಿತು.

ಅದಾಗಿ ಕೆಲವು ವರ್ಷಗಳ ಮೇಲೆ ಊರಿನ ಆಸ್ಪತ್ರೆಯೊಂದರಲ್ಲಿ ಒಬ್ಬ ನರ್ಸು ರೋಗಿಯನ್ನು ಸ್ಟ್ರೆಚರಿನಲ್ಲಿ ಲಿಫ್ಟಿನೊಳಗೆ ತಳ್ಳುತ್ತಿದ್ದಳು. ಮುಂದಿನ ಗಾಲಿಗಳು ಒಳಗಿದ್ದವು, ಹಿಂದಿನವು ಇನ್ನೂ ಹೊರಗೆ. ಬಾಗಿಲು ತೆರೆದಿದ್ದಂತೆಯೇ ಲಿಫ್ಟು ತಾನಾಗಿ ಮೇಲಕ್ಕೆ ಜಾರತೊಡಗಿತು. ಸ್ಟ್ರೆಚರು ಓರೆಯಾಯಿತು. ಮಂಪರಿನಲ್ಲಿದ್ದ ರೋಗಿ ಕೆಳಗುರುಳದಂತೆ ಅವಳು ಎದೆಯೊಡ್ಡಿ ನಿಂತಳು. ಕಬ್ಬಿಣದ ಭಾರವೆಲ್ಲ ಅವಳ ಬಲಪಾದದ ಮೇಲೆ ಬಂತು. ರೋಗಿಗೆ ಏನೂ ಆಗಲಿಲ್ಲ. ಪಾದ ಮಾತ್ರ ಜಜ್ಜಿಹೋಯಿತು.

ಆ ನರ್ಸು ನನ್ನ ಅಕ್ಕ. ಒಡಹುಟ್ಟಿದ ಅಕ್ಕ.

ಲಿಫ್ಟಿನ ಬ್ರೇಕಿನ ಡ್ರಮ್ಮನ್ನು ಬಿಚ್ಚಿ ತನಿಖೆಗಾಗಿ ನಮ್ಮ ಸಂಸ್ಥೆಗೆ ತಂದರು. ಮೇಡಂ ಎಂದಿನಂತೆ, ಮೇಜಿನ ಮೇಲಿಟ್ಟ ಕೂಡಲೇ ಟೇಪು ಒತ್ತಿ ಸ್ಲೈಡಿಗೆ ಅಂಟಿಸಿದರು. ಅದೇ ಕಂದು ಪದರ, ಅದೇ ಹುರುಪೆ. ಮರುದಿನ ತನಿಖಾ ಸಮಿತಿ ಬರುವ ಹೊತ್ತಿಗೆ ಡ್ರಮ್ ನೀಲಿ ಬಟ್ಟೆಯ ಮೇಲೆ ಬೆಳ್ಳಿಯ ಪಾತ್ರೆಯಂತೆ ಥಳಥಳಿಸುತ್ತಿತ್ತು. ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು.

"ಯಾರು ಮಾಡಿದ್ದು ಇದನ್ನ?"

"ನಾನೇ ತೊಳೆಸ್ದೆ ಮೇಡಂ" ಎಂದ ಸೋಪು. "ಅಷ್ಟು ದೊಡ್ಡೋರು ಬರ್ತಾರೆ, ಕೊಳಕು ಡ್ರಮ್ ಇಡೋಕಾಗುತ್ತಾ?"

"ಒರೆಸೋದು ಯಾರ ಕೈಲಾದ್ರೂ ಆಗುತ್ತೆ ಕಣೋ. ಒರೆಸಿದ್ದನ್ನ ವಾಪಸ್ ಹಾಕೋಕೆ ಯಾರ ಕೈಲಾಗುತ್ತೆ?"

ಅವನು ಬೇಕೆಂದೇ ತೊಳೆಸಿದನೋ, ಹುಟ್ಟುಗುಣದಿಂದ ತೊಳೆಸಿದನೋ ನನಗೆ ಇಂದಿಗೂ ತಿಳಿಯದು. ತಿಳಿದರೂ ನನ್ನ ಸಿಟ್ಟು ಇಳಿಯದು. ಮೊದಲ ದಿನವೇ ಕಲಿಸಿದ ಪಾಠವನ್ನು ಮರೆಯುವ ಹಕ್ಕು ಆ ಕುರ್ಚಿಯಲ್ಲಿ ಕೂತವನಿಗೆ ಇರಲಿಲ್ಲ. ಸಮಿತಿಯವರು ಡ್ರಮ್ಮಿನ ಅಚ್ಚುಕಟ್ಟನ್ನು ಮೆಚ್ಚಿದರು. ಇಷ್ಟು ಚೊಕ್ಕ ಡ್ರಮ್ಮಿನಲ್ಲಿ ಹಿಡಿತ ತಪ್ಪುವುದು ಹೇಗೆ ಎಂದರು. ಮೇಡಂ ಸ್ಲೈಡು ತೋರಿಸಿದರೆ, ಡ್ರಮ್ಮಿನಲ್ಲಿಲ್ಲದ ಪದರ ನಿಮ್ಮ ಟೇಪಿಗೆ ಎಲ್ಲಿಂದ ಬಂತು ಎಂದರು! ಕಂಪನಿಯವರಂತೂ, ಬ್ರೇಕು ಸೋತಿದ್ದರೆ ಲಿಫ್ಟು ಕೆಳಗೆ ಬೀಳಬೇಕಿತ್ತು, ಮೇಲಕ್ಕೆ ಹೋಗುವುದುಂಟೆ ಎಂದು ಗಹಗಹಿಸಿದರು. ಲಿಫ್ಟಿನ ಹಗ್ಗದ ಇನ್ನೊಂದು ತುದಿಯಲ್ಲಿ ಎದುರುಭಾರವೊಂದು ತೂಗುತ್ತಿರುತ್ತದೆ. ಒಳಗೆ ಜನ ಕಡಿಮೆಯಿದ್ದರೆ ಆ ಭಾರವೇ ಹೆಚ್ಚಾಗಿ, ಹಿಡಿತ ತಪ್ಪಿದ ಲಿಫ್ಟು ಮೇಲಕ್ಕೇ ಜಾರುತ್ತದೆ. ಲಿಫ್ಟಿಗೆ ಲೈನರು ಮಾಡಿ ಮಾರುವವರಿಗೆ ಇದು ಗೊತ್ತಿರಲಿಲ್ಲವೆಂದು ನಂಬಲು ನಾನೇನು ಕಿವಿಯಲ್ಲಿ ಹೂವಿಟ್ಟುಕೊಂಡಿಲ್ಲ.

ಬ್ರೇಕಿನದು ತಪ್ಪಲ್ಲವೆಂದ ಮೇಲೆ ತಪ್ಪು ಯಾರದಾದರೂ ಆಗಲೇಬೇಕಲ್ಲ. ನರ್ಸಿನ ಕಾಲು ಜಾರಿರಬೇಕು, ಸ್ಟ್ರೆಚರು ಕೈತಪ್ಪಿರಬೇಕು, ಗಾಬರಿಯಲ್ಲಿ ಲಿಫ್ಟು ಚಲಿಸಿದಂತೆ ಅನಿಸಿರಬೇಕು ಎಂಬ ಮಾತು ಹೊರಟಿತು. ಆಸ್ಪತ್ರೆಯ ಆಡಳಿತದವರು ಒಬ್ಬರಾದ ಮೇಲೊಬ್ಬರು ಅಕ್ಕನ ಹಾಸಿಗೆಯ ಬಳಿ ಬಂದು, ನಿಮ್ಮ ಕಾಲು ಜಾರಿರಬಹುದಲ್ಲ, ನೆನಪು ಮಾಡಿಕೊಳ್ಳಿ ಎಂದು ಕೇಳಿದರು. ಕೊನೆಕೊನೆಗೆ ಅಕ್ಕ ನನ್ನನ್ನೇ ಕೇಳತೊಡಗಿದಳು.

"ನಿಜವಾಗ್ಲೂ ನಾನೇ ಜಾರಿದ್ನೇನೇ? ಎಲ್ಲಾರೂ ಹಂಗೇ ಅಂತಿದ್ದಾರೆ."

ನಾನು ಅಲ್ಲವೆಂದರೆ ಏನು ಬಂತು? ನಾನು ತಂಗಿ. ತಂಗಿ ಹೇಳಿದ್ದನ್ನು ಅಕ್ಕ ಸಮಾಧಾನದ ಮಾತೆಂದೇ ತಿಳಿಯುತ್ತಾಳೆ.

ಒಂದು ಮಧ್ಯಾಹ್ನ ಮೇಡಂ ವಾರ್ಡಿಗೆ ಬಂದರು. ಹಣ್ಣು ತರಲಿಲ್ಲ, ಹೂವು ತರಲಿಲ್ಲ. ಅಕ್ಕನ ಕೈ ಹಿಡಿದು ಕೂತು, "ಸಿಸ್ಟರ್, ಅವತ್ತು ಹಾಕಿದ್ದ ಶೂ ಎಲ್ಲಿ?" ಎಂದರು. ಶೂಗಳು ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಬಲಗಾಲಿನದನ್ನು ಡಾಕ್ಟರು ಕತ್ತರಿಸಿ ತೆಗೆದಿದ್ದರು.

"ಗಲೀಜಾಗಿದೆ ಮೇಡಂ. ತಂಗಿ ಕೈಲಿ ತೊಳೆಸಿ ಕೊಡ್ಲಾ?" ಎಂದಳು ಅಕ್ಕ.

"ಅಯ್ಯೋ ಬೇಡಮ್ಮ, ಬೇಡ! ತೊಳೆಯೋರು ಬೇಕಾದಷ್ಟು ಜನ ಇದ್ದಾರೆ ಈ ಊರಲ್ಲಿ" ಎಂದು ಮೇಡಂ ಚೀಲವನ್ನು ಕಸಿದುಕೊಂಡೇಬಿಟ್ಟರು.

ಕಿಟಕಿಯ ಬಳಿ ಹೋಗಿ, ಕೈಚೀಲದಿಂದ ಅಂಗೈಯಗಲದ ಸೂಕ್ಷ್ಮದರ್ಶಕ ತೆಗೆದು ಶೂಗಳ ಅಟ್ಟೆಯ ಮೇಲಿಟ್ಟು, ತುದಿಯಿಂದ ಹಿಮ್ಮಡಿಯವರೆಗೆ ಇಂಚಿಂಚಾಗಿ ನೋಡಿದರು. ವಾರ್ಡಿನ ಉಳಿದ ರೋಗಿಗಳು ಕತ್ತೆತ್ತಿ ನೋಡುತ್ತಿದ್ದರು. ಜಾರಿದ ರಬ್ಬರಿನ ಮೇಲೆ ಒಂದೇ ದಿಕ್ಕಿಗೆ ಉದ್ದುದ್ದ ಗೀರುಗಳಿರುತ್ತವೆ, ಉರುಳೆಯುರುಳೆಯಾಗಿ ರಬ್ಬರು ಸುತ್ತಿಕೊಂಡಿರುತ್ತದೆ. ಅಲ್ಲಿ ಅಂಥದೇನೂ ಇರಲಿಲ್ಲ. ನೆಲದ ಮರಳಿನ ಕಣಗಳು ನೇರ ಒತ್ತಿ ಮೂಡಿದ ಗುಳಿಗಳು ಮಾತ್ರ ಇದ್ದವು. ಮೇಡಂ ನನ್ನನ್ನು ಕರೆದು ತೋರಿಸಿದರು. ಟೇಪು ಒತ್ತಿ ಎತ್ತಿಕೊಂಡರು. ಆಮೇಲೆ ಅಕ್ಕನ ಬಳಿ ಬಂದರು.

"ನೀವು ಜಾರಿಲ್ಲ ಸಿಸ್ಟರ್. ಊರಿ ನಿಂತಿದ್ರಿ. ಅಷ್ಟು ಭಾರ ಬಂದ್ರೂ ಒಂದು ಕೂದಲೆಳೆ ಹಿಂದೆ ಸರಿದಿಲ್ಲ ನೀವು."

ಅಕ್ಕ ಅಲ್ಲಿಯವರೆಗೆ ಅತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ದಿನವೂ ಡಾಕ್ಟರನ್ನು ಗೋಳು ಹೊಯ್ದುಕೊಂಡು ನಗುತ್ತಿದ್ದವಳು. ಅಂದು ಮೇಡಂ ಅವರ ಕೈಯನ್ನು ಹಣೆಗೆ ಒತ್ತಿಕೊಂಡು ಜೋರಾಗಿ ಅತ್ತಳು. ನನ್ನ ಪಾಲಿಗೆ ಮೇಡಂ ಅವರ ಸೇವಾಜೀವನದ ಅತಿ ದೊಡ್ಡ ಸಂಶೋಧನೆ ಅದು. ಅದು ಯಾವ ಪತ್ರಿಕೆಯಲ್ಲೂ ಪ್ರಕಟವಾಗಿಲ್ಲ; ಈ ಸಂಪುಟದ ಕೊನೆಯಲ್ಲಿ ಕೊಟ್ಟಿರುವ ಅವರ ಪ್ರಕಟಣೆಗಳ ಪಟ್ಟಿಯಲ್ಲೂ ಇಲ್ಲ.

ಶೂ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದಿತು ಸಮಿತಿ. ಸಿಬ್ಬಂದಿಯ ಅಜಾಗರೂಕತೆ ಎಂದು ವರದಿ ಬರೆದು ತಿಪ್ಪೆ ಸಾರಿಸಿತು. ಅಕ್ಕನನ್ನು ವಾರ್ಡಿನಿಂದ ಎತ್ತಿ ವಿಚಾರಣೆಯ ಕಿಟಕಿಯಲ್ಲಿ ಕೂರಿಸಿದರು. ಈಗವಳು ಕೋಲೂರಿ ನಡೆಯುತ್ತಾಳೆ, ಬಂದವರಿಗೆ ಎಕ್ಸ್‌ರೇ ಕೋಣೆ ಎಲ್ಲಿದೆ ಎಂದು ಹೇಳುತ್ತಾಳೆ. ಅಜಾಗರೂಕಳು ಎಂಬ ಮಾತು ಅವಳ ಹೆಸರಿಗೆ ಇಂದಿಗೂ ಅಂಟಿಕೊಂಡಿದೆ. ಆ ಲೈನರು ಇಂದಿಗೂ ಲಿಫ್ಟುಗಳಲ್ಲಿ ಓಡುತ್ತಿದೆ. ಆಸ್ಪತ್ರೆಯವರು ಮಾತ್ರ ತಮ್ಮದನ್ನು ಸದ್ದಿಲ್ಲದೆ ಬದಲಾಯಿಸಿಕೊಂಡರು. ತಪ್ಪೇ ಇಲ್ಲದ ಬ್ರೇಕನ್ನು ಯಾಕೆ ಬದಲಾಯಿಸಿದಿರಿ ಎಂದು ಕೇಳಿದವರಿಲ್ಲ.

ಮೇಡಂ ಮರುಪರೀಕ್ಷೆ ಕೇಳಿದರು, ಕೇಳುತ್ತಲೇ ಇದ್ದರು. ಅದರ ಫಲವಾಗಿ ಅವರ ಪ್ರಯೋಗಾಲಯವನ್ನು ನೆಲಮಾಳಿಗೆಗೆ, ನೀರಿನ ಪಂಪಿನ ಕೋಣೆಯ ಪಕ್ಕಕ್ಕೆ ಹಾಕಿದರು. ಪಂಪು ಶುರುವಾದರೆ ಸೂಕ್ಷ್ಮದರ್ಶಕದ ನೋಟ ನಡುಗಿ ಮಸುಕಾಗುತ್ತದೆ. ಮೇಡಂ ದೂರಲಿಲ್ಲ, ಟ್ಯಾಂಕು ತುಂಬಿ ಪಂಪು ನಿಂತ ಬಿಡುವಿನಲ್ಲಿ ನೋಡುವುದನ್ನು ರೂಢಿಸಿಕೊಂಡರು. ಯಾರಾದರೂ ನಲ್ಲಿ ಬಿಟ್ಟು ಹೋದರೆ ಓಡಿಹೋಗಿ ನಿಲ್ಲಿಸಿ ಬರುತ್ತಿದ್ದರು. ನೀರಿನ ಮಿತವ್ಯಯದಲ್ಲಿ ಮಾದರಿ ಎಂದು ಅದಕ್ಕೂ ಈ ಸಂಪುಟದಲ್ಲಿ ಹೊಗಳಿಕೆ ಇದೆ, ಕೇಳಿದಿರಾ? ಇಷ್ಟರಲ್ಲಿ ಸೋಪು ಸಂಸ್ಥೆಯ ನಿರ್ದೇಶಕನಾದ. ಈ ಸಂಪುಟದ ಮುನ್ನುಡಿ ಅವನದು. ಅದರಲ್ಲಿ 'ನನಗೆ ನೋಡುವುದನ್ನು ಕಲಿಸಿದ ಗುರು' ಎಂದು ಬರೆದಿದ್ದಾನೆ. ಕಲಿಸಿದ್ದು ನಿಜ.

ಮಾನ್ಯ ನಿರ್ದೇಶಕರಿಗೆ ಏಕವಚನ ಬಳಸಿದೆನೆಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದ ಸಲಿಗೆ ಅದು. ಆ ಸಲಿಗೆಯಿಂದಲೇ ಉಳಿದ ಮಾತನ್ನೂ ಆಡುತ್ತೇನೆ.

ಅಭಿನಂದನ ಲೇಖನವನ್ನು ಹಾರೈಕೆಯಿಂದ ಮುಗಿಸುವುದು ವಾಡಿಕೆ. ಹಾರೈಸುವ ಮೊದಲು ಈ ಸಭೆಗೆ ಬಂದಿರುವವರಲ್ಲಿ ಕ್ಷಮೆ ಕೇಳಬೇಕು. ಈ ಪುಸ್ತಕ ವೇದಿಕೆಯ ಮೇಲೆ ಬಿಡುಗಡೆಯಾಗಿ ನಿಮ್ಮ ಕೈ ಸೇರಿದ ಮೇಲೆಯೇ ನೀವು ಈ ಪುಟ ಓದುತ್ತಿದ್ದೀರಿ. ಸಭಾಂಗಣ ಐದನೇ ಮಹಡಿಯಲ್ಲಿದೆ. ಕೆಳಗೆ ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂಬ ಬೋರ್ಡು ನೇತಾಡುತ್ತಿದ್ದುದರಿಂದ ನೀವೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದೀರಿ, ದಾರಿಯುದ್ದಕ್ಕೂ ಸಂಸ್ಥೆಯನ್ನು ಬೈದುಕೊಂಡಿದ್ದೀರಿ. ಆ ಬೋರ್ಡು ತೂಗುಹಾಕಿದವಳು ನಾನು. ಅದರಲ್ಲಿ ಬರೆದದ್ದು ಸುಳ್ಳೆಂದು ನಾನು ಒಪ್ಪುವುದಿಲ್ಲ.

ಮುಂದಿನ ಸಾಲಿನ ತುದಿಯಲ್ಲಿ, ಮೇಡಂ ಅವರ ಮನೆಯವರ ಪಕ್ಕ, ಕೋಲು ಹಿಡಿದ ಒಬ್ಬ ಹೆಂಗಸು ಕೂತಿದ್ದಾಳೆ. ಅವಳೂ ಐದು ಮಹಡಿ ಹತ್ತಿ ಬಂದಿದ್ದಾಳೆ. ಅವಳೇ ನನ್ನ ಅಕ್ಕ.

ಗೆಳೆಯಾ, ಲಿಫ್ಟಿನ ಯಂತ್ರದ ಕೋಣೆ ಈ ಸಭಾಂಗಣದ ನೆತ್ತಿಯ ಮೇಲೇ ಇದೆ. ಅದರ ಕೀಲಿ ನಿನ್ನ ಬಳಿ ಇದೆ. ಅಲ್ಲಿನ ಡ್ರಮ್ಮಿಗೆ ಅದೇ ಲೈನರು ಇಷ್ಟು ವರ್ಷ ಉಜ್ಜಿದೆ, ಯಾರೂ ಮುಟ್ಟಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಿನ್ನ ಭಾಷಣ ಆಮೇಲಾಗಲಿ, ಹೂಗುಚ್ಛ ಆಮೇಲಾಗಲಿ. ಮೊದಲು ಬ್ರೇಕಿನ ಮುಚ್ಚಳ ತೆಗೆಸು, ಮೇಡಂ ಅವರನ್ನು ಕೈಹಿಡಿದು ಕರೆದುಕೊಂಡು ಹೋಗು. ಟೇಪು ಅವರ ಕೈಚೀಲದಲ್ಲಿದೆ. ಸಾಕ್ಷಿಗೆ ಇಷ್ಟು ಜನರಿದ್ದಾರೆ. ಅಲ್ಲಿ ಆ ಕಂದು ಪದರ ಇಲ್ಲದಿದ್ದರೆ ಈ ಲೇಖನವನ್ನು ನಾನೇ ಎಲ್ಲರೆದುರು ಹರಿದುಹಾಕಿ, ನಿನ್ನ ಕ್ಷಮೆ ಕೇಳಿ, ಕೆಲಸ ಬಿಟ್ಟು ಹೋಗುತ್ತೇನೆ. ಇದ್ದರೆ, ಮರುಪರೀಕ್ಷೆಯ ಆಜ್ಞೆಗೆ ಇಂದೇ ಸಹಿ ಹಾಕು. ಅಜಾಗರೂಕತೆ ಎಂದು ಬರೆದ ಆ ವರದಿ ಸುಳ್ಳೆಂದು ಬರೆದುಕೊಡು.

ಮೇಡಂ ನೂರು ವರ್ಷ ಬಾಳಲಿ, ಅವರ ಕಣ್ಣು ಸೂಕ್ಷ್ಮದರ್ಶಕದ ಮೇಲೆ ಹೀಗೆಯೇ ನಿಂತಿರಲಿ, ಅವರ ಕೆಲಸ ಇಂದು ಈ ಮಾಳಿಗೆಯಿಂದಲೇ ಮತ್ತೆ ಮೊದಲಾಗಲಿ ಎಂದು ಹಾರೈಸುತ್ತೇನೆ. ಲಿಫ್ಟು ಹತ್ತುವ ನಿಮಗೆಲ್ಲರಿಗೂ ಅದೇ ದೀರ್ಘಾಯುಷ್ಯವನ್ನು ಹಾರೈಸುತ್ತೇನೆ.

ಏಳು, ಸೋಪು. ಕೀಲಿ ತೆಗೆ. ನಿನ್ನ ಜೇಬಿನಲ್ಲಿ ಕರವಸ್ತ್ರವಿದೆ, ಅದನ್ನು ಅಕ್ಕನ ಕೈಗೆ ಕೊಟ್ಟು ಹೋಗು. ಈ ಸಲ ಒರೆಸಬೇಡ.